ಮಿದುಳಿನ ಗಾಯಕ್ಕೆಲ್ಲ ಒಂದೇ ಗಡುವು ಬೇಡ

ಪುನಶ್ಚೇತನ ಚಿಕಿತ್ಸೆ ಎಷ್ಟು ದಿನ ಅಂತ ತೀರ್ಮಾನಿಸುವ ಆಸ್ಪತ್ರೆ ಮುಖ್ಯಸ್ಥರಿಗೆ, ವಿಮೆ ಕಂಪನಿಗಳ ಅಧಿಕಾರಿಗಳಿಗೆ, ಅಂಗವೈಕಲ್ಯದ ಸರ್ಟಿಫಿಕೇಟಿಗೆ ಸಹಿ ಹಾಕುವ ವೈದ್ಯರಿಗೆ

ಮಾನ್ಯರೇ,

ಮಿದುಳಿಗೆ ಗಾಯವಾದವರಿಗೆ ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತಿ ನೀರು ಕುಡಿಯುವುದು, ಇಂಥದ್ದನ್ನು ಮತ್ತೆ ಕಲಿಸುವುದು ನನ್ನ ಕೆಲಸ. ಆಕ್ಯುಪೇಷನಲ್ ಥೆರಪಿಸ್ಟ್ ಅಂತಾರೆ. ಹೊಸಬರು ಬಂದಾಗ ಮೊದಲು ಅವರ ಡಿಸ್ಚಾರ್ಜ್ ಸಮ್ಮರಿ ನೋಡುತ್ತೇನೆ. ಎಷ್ಟೋ ಸಲ ಅದರ ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ಮಿದುಳಿನ ಗಾಯ, ತೀವ್ರ. ಅದು ಹೇಗಾಯಿತು ಅನ್ನೋದು ಒಳಗಿನ ಪುಟದಲ್ಲಿ ಎಲ್ಲೋ ಇರುತ್ತದೆ. ಕೆಲವು ಸಲ ಅದೂ ಇರುವುದಿಲ್ಲ. ಆಮೇಲೆ ನಿಮ್ಮ ಕಡೆಯಿಂದ ಇನ್ನೊಂದು ಕಾಗದ ಬರುತ್ತದೆ. ಇಷ್ಟು ವಾರ ಥೆರಪಿ, ಇಷ್ಟನೇ ತಿಂಗಳಿಗೆ ಪರಿಶೀಲನೆ, ಪ್ರಗತಿ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸುವುದು. ಬೈಕಿನಿಂದ ಬಿದ್ದವರಿಗೂ ಅದೇ ಲೆಕ್ಕ. ಹೃದಯ ನಿಂತು ಬದುಕಿ ಬಂದವರಿಗೂ ಅದೇ. ಮಿದುಳುಜ್ವರ ಬಂದ ಹುಡುಗಿಗೂ ಅದೇ, ಪಾರ್ಶ್ವವಾಯುವಿಗೂ ಅದೇ.

ಈ ಕ್ರಮ ಬದಲಾಗಬೇಕು. ಗಾಯ ಯಾವ ಕಾರಣದಿಂದ ಆಯಿತು ಅನ್ನುವುದರ ಮೇಲೆ ಮುಂದಿನ ವರ್ಷಗಳ ಚೇತರಿಕೆ ಬಹಳ ಮಟ್ಟಿಗೆ ನಿಂತಿದೆ. ಎಷ್ಟು ಬೇಗ ಸುಧಾರಿಸುತ್ತಾರೆ, ಎಲ್ಲಿಯವರೆಗೆ ಸುಧಾರಿಸುತ್ತಾರೆ, ಏನು ವಾಪಸ್ ಬರುತ್ತದೆ, ಏನು ಬರೋದು ಕಷ್ಟ, ಮತ್ತೆ ಹದಗೆಡುವ ಭಯ ಇದೆಯೋ ಇಲ್ಲವೋ, ಎಲ್ಲದಕ್ಕೂ ಅಲ್ಲಿಂದಲೇ ಸುಳಿವು ಸಿಗುತ್ತದೆ. ವಯಸ್ಸು, ಗಾಯದ ಜಾಗ, ಅದರ ಆಳ, ಚಿಕಿತ್ಸೆ ಸಿಕ್ಕ ವೇಗ ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ಇವನ್ನೆಲ್ಲ ನಿಮ್ಮ ಅರ್ಜಿಯಲ್ಲಿ ಕೇಳುತ್ತೀರಿ. ಕಾರಣಕ್ಕೆ ಮಾತ್ರ ಜಾಗವೇ ಇಲ್ಲ. ಇದ್ದರೂ ಗಡುವು ಹಾಕುವಾಗ ಅದನ್ನು ಯಾರೂ ನೋಡುವುದಿಲ್ಲ.

ಗ್ಲಾಸ್ಗೋ ಕೋಮಾ ಸ್ಕೇಲ್ ಅಂಕ ಇದೆಯಲ್ಲ, ಸಾಲದೇ ಅಂತ ಕೇಳಬಹುದು. 1974ರಲ್ಲಿ ಬಂದ ಆ ಅಳತೆ ಇವತ್ತಿಗೂ ಬಹಳ ಉಪಯುಕ್ತ. ಕಣ್ಣು ಬಿಡುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಆದರೆ ಆ ಅಂಕ ಹೇಳುವುದು ಆ ಹೊತ್ತಿಗೆ ಪ್ರಜ್ಞೆ ಎಷ್ಟು ಕುಸಿದಿದೆ ಎಂದು ಮಾತ್ರ. ಯಾಕೆ ಕುಸಿಯಿತು ಅಂತ ಹೇಳುವುದಿಲ್ಲ. ಅಪಘಾತದಲ್ಲಿ 6 ಅಂಕ ಬಂದವನ ಮುಂದಿನ ವರ್ಷ ಒಂದು ಥರ ಇರುತ್ತದೆ, ಹೃದಯ ನಿಂತು 6 ಅಂಕಕ್ಕೆ ಇಳಿದವನದ್ದು ಇನ್ನೊಂದು ಥರ. ನಿಮ್ಮ ಕಾಗದದಲ್ಲಿ ಮಾತ್ರ ಇಬ್ಬರೂ ಒಂದೇ.

ತಲೆಗೆ ಪೆಟ್ಟು ಬಿದ್ದಾಗ ಏನಾಗುತ್ತದೆ ನೋಡಿ. ವೇಗದಲ್ಲಿದ್ದ ತಲೆ ಒಮ್ಮೆಲೇ ನಿಲ್ಲುತ್ತದೆ. ಒಳಗಿನ ಮಿದುಳು ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ, ತಿರುಚಿಕೊಳ್ಳುತ್ತದೆ. ಹಣೆಯ ಹಿಂದೆ ಮತ್ತು ಕಿವಿಯ ಹತ್ತಿರ ತಲೆಬುರುಡೆಯ ತಳ ಒರಟಾಗಿದೆ. ಮಿದುಳಿನ ಮುಂಭಾಗದ ಮತ್ತು ಪಕ್ಕದ ಹಾಲೆಗಳು ಅಲ್ಲಿ ಜಜ್ಜಿಹೋಗುತ್ತವೆ. ಇದರ ಜೊತೆಗೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಆಕ್ಸಾನ್ ಎಂಬ ಉದ್ದನೆಯ ಎಳೆಗಳು ಎಳೆತಕ್ಕೆ ಸಿಕ್ಕಿ ಹಿಗ್ಗುತ್ತವೆ, ಕೆಲವು ಹರಿಯುತ್ತವೆ. ಈ ಎಳೆಗಳ ಗಾಯ ಸಿ.ಟಿ. ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಸ್ಕ್ಯಾನ್ ಚೆನ್ನಾಗಿದೆ, ಆದರೂ ಹುಡುಗ ಏಳುತ್ತಿಲ್ಲ ಅಂತ ಮನೆಯವರು ಗಾಬರಿಯಾಗೋದು ಇದಕ್ಕೇ.

ಆದರೆ ಎಳೆ ಹರಿದರೂ ಅದರ ಕೋಶ ಬದುಕಿರಬಹುದು. ಉಳಿದ ಎಳೆಗಳು ಹೊಸ ದಾರಿ ಹುಡುಕಬಹುದು. ತಲೆಪೆಟ್ಟಿನವರು ನಿಧಾನವಾಗಿ, ಆದರೆ ಬಹಳ ಕಾಲ ಸುಧಾರಿಸುತ್ತಾ ಹೋಗುವುದಕ್ಕೆ ಇದೊಂದು ಮುಖ್ಯ ಕಾರಣ. ಪ್ರಜ್ಞೆ ಬಂದ ಮೇಲೂ ಕೆಲವು ದಿನ, ಕೆಲವು ವಾರ ಹೊಸ ವಿಷಯ ತಲೆಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಬಂದು ಮಾತಾಡಿಸಿ ಹೋದ ಅಣ್ಣನನ್ನು ಸಂಜೆ ಕೇಳಿದರೆ 'ಬಂದೇ ಇಲ್ಲ' ಅಂತಾರೆ. ಈ ಮಸುಕು ಎಷ್ಟು ದಿನ ಇತ್ತು ಅನ್ನುವುದು ಮುಂದೆ ಎಷ್ಟು ಚೇತರಿಸುತ್ತಾರೆ ಅಂತ ಅಂದಾಜು ಮಾಡಲು ತುಂಬಾ ಒಳ್ಳೆಯ ಗುರುತು. ತೀವ್ರ ಪೆಟ್ಟಾದವರಲ್ಲಿ ಸುಧಾರಣೆ ಒಂದು ವರ್ಷ, ಎರಡು ವರ್ಷ, ಕೆಲವರಲ್ಲಿ ಅದಕ್ಕೂ ಮುಂದೆ ನಡೆಯುತ್ತದೆ. ಆರನೇ ತಿಂಗಳಿಗೆ ಬಾಗಿಲು ಹಾಕುವ ನಿಯಮ ಅವರನ್ನು ಅರ್ಧ ದಾರಿಯಲ್ಲಿ ಇಳಿಸಿಬಿಡುತ್ತದೆ.

ನಾನು ನೋಡಿಕೊಂಡ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ರಸ್ತೆ ಅಪಘಾತ. ನಡಿಗೆ ಚೆನ್ನಾಗಿತ್ತು, ಮೆಟ್ಟಿಲು ಹತ್ತುತ್ತಿದ್ದ, ಮಾತಿನಲ್ಲೂ ತೊಡಕಿರಲಿಲ್ಲ. ಬೆಳಿಗ್ಗೆ ಬೇಸಿನ್ ಮುಂದೆ ಬ್ರಷ್ ಹಿಡಿದು ನಿಲ್ಲುತ್ತಿದ್ದ. ಹಾಗೇ ನಿಂತಿರುತ್ತಿದ್ದ. 'ಪೇಸ್ಟ್ ಹಾಕಪ್ಪ' ಅಂದರೆ ಹಾಕುತ್ತಿದ್ದ. ಮತ್ತೆ ನಿಲ್ಲುತ್ತಿದ್ದ. 'ಈಗ ಏನು ಮಾಡ್ಬೇಕು?' ಅಂದರೆ 'ಉಜ್ಜಬೇಕು, ಗೊತ್ತು ಮೇಡಂ' ಅನ್ನುತ್ತಿದ್ದ. ಗೊತ್ತು, ಆದರೆ ಕೈ ಶುರು ಮಾಡುತ್ತಿರಲಿಲ್ಲ. ಸೋಮಾರಿತನ ಅಂತ ಅವನಪ್ಪ ಗದರುತ್ತಿದ್ದರು. ಅದು ಮುಂಭಾಗದ ಹಾಲೆಗಳ ಗಾಯ. ಒಂದು ಕೆಲಸವನ್ನು ಶುರು ಮಾಡುವ, ಮುಂದಿನ ಹೆಜ್ಜೆಗೆ ದಾಟುವ, ಅತಿಯಾದಾಗ ನಿಲ್ಲಿಸುವ ಶಕ್ತಿ ಅಲ್ಲಿದೆ.

ಸರ್ಟಿಫಿಕೇಟ್ ಕೊಡುವ ವೈದ್ಯರಿಗೆ ಇಲ್ಲಿ ಒಂದು ಮಾತು. ನೀವು ಬಳಸುವ ಬಾರ್ತೆಲ್ ಸೂಚ್ಯಂಕ 1965ರದ್ದು. ಊಟ, ಸ್ನಾನ, ಬಟ್ಟೆ, ನಡಿಗೆ, ಮೆಟ್ಟಿಲು, ಮಲಮೂತ್ರದ ಹಿಡಿತ ಹೀಗೆ 10 ಸಂಗತಿ, ಒಟ್ಟು 100 ಅಂಕ. ಪಾರ್ಶ್ವವಾಯುವಿನಿಂದ ಕೈಕಾಲು ಬಿದ್ದವರಿಗೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಅದರಲ್ಲಿ ನೆನಪಿನ ಬಗ್ಗೆ ಪ್ರಶ್ನೆ ಇಲ್ಲ. ಸಿಟ್ಟಿನ ಬಗ್ಗೆ, ದುಡ್ಡಿನ ಲೆಕ್ಕದ ಬಗ್ಗೆ, ಒಲೆ ಆರಿಸಲು ಮರೆಯುವುದರ ಬಗ್ಗೆ ಪ್ರಶ್ನೆ ಇಲ್ಲ. ಈ ಹುಡುಗನಿಗೆ 100ಕ್ಕೆ ಹತ್ತಿರ ಅಂಕ ಬಂತು. ತೊಂದರೆ ಇಲ್ಲ ಅಂತ ಬರೆದು ಕಳಿಸಿದರು. ಅವನನ್ನು ಒಂದು ಗಂಟೆ ಒಬ್ಬನೇ ಬಿಟ್ಟು ಹೋಗಲು ಅವನ ತಾಯಿಗೆ ಧೈರ್ಯವಿಲ್ಲ.

ಈಗ ಆಮ್ಲಜನಕ ಸಿಗದೆ ಆಗುವ ಗಾಯಕ್ಕೆ ಬರೋಣ. ಹೃದಯ ನಿಂತದ್ದು, ನೀರಿನಲ್ಲಿ ಮುಳುಗಿದ್ದು, ಉಸಿರುಕಟ್ಟಿದ್ದು, ವಿಷಗಾಳಿ ಕುಡಿದದ್ದು, ಮಾದಕ ವಸ್ತು ಅತಿಯಾಗಿ ಉಸಿರಾಟ ಕುಸಿದದ್ದು, ಎಲ್ಲ ಈ ಗುಂಪಿಗೆ ಸೇರುತ್ತವೆ. ಮಿದುಳು ತೂಕದಲ್ಲಿ ದೇಹದ ಶೇ. 2ರಷ್ಟು. ಆಮ್ಲಜನಕದಲ್ಲಿ ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಕೂಡಿಡಲು ಅದಕ್ಕೆ ಬರುವುದಿಲ್ಲ. ರಕ್ತ ನಿಂತರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. 4–5 ನಿಮಿಷ ದಾಟಿದರೆ ಕೋಶಗಳು ಮತ್ತೆ ಬದುಕದಂತೆ ಸಾಯಲು ಶುರುವಾಗುತ್ತವೆ. ಯಾವುದಕ್ಕೆ ಆಮ್ಲಜನಕ ಜಾಸ್ತಿ ಬೇಕೋ ಅದು ಮೊದಲು ಹೋಗುತ್ತದೆ. ಹೊಸ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್, ಚಲನೆಯನ್ನು ಹದವಾಗಿಡುವ ಒಳಗಿನ ಗಂಟುಗಳು, ಮೇಲಿನ ತೊಗಟೆಯ ಕೆಲವು ಪದರಗಳು, ಹಿಂಭಾಗದ ಕಿರುಮಿದುಳಿನ ದೊಡ್ಡ ಕೋಶಗಳು. ಎಡ, ಬಲ ಅಂತ ಭೇದವಿಲ್ಲದೆ ಎರಡೂ ಕಡೆ. ತಲೆಪೆಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಊರಿಂದೂರಿಗೆ ಹೋಗುವ ರಸ್ತೆ ಕಿತ್ತುಹೋಗುವುದಕ್ಕೂ ಊರೇ ಮುಳುಗುವುದಕ್ಕೂ ಇರುವಷ್ಟು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಹಲವು ವೈದ್ಯ ಸಂಘಗಳು ಸೇರಿ 1994ರಲ್ಲಿ ಪ್ರಕಟಿಸಿದ ವರದಿ ನೋಡಿ. ಗಾಯವಾಗಿ ಒಂದು ತಿಂಗಳಾದರೂ ಕಣ್ಣು ತೆರೆದಿದ್ದು ಅರಿವು ಮಾತ್ರ ಬಾರದೆ ಇದ್ದ ದೊಡ್ಡವರನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ತಲೆಪೆಟ್ಟಿನಿಂದ ಹಾಗಾದವರಲ್ಲಿ ಒಂದು ವರ್ಷದೊಳಗೆ ಶೇ. 52 ಜನಕ್ಕೆ ಅರಿವು ಮರಳಿತ್ತು. ಪೆಟ್ಟಲ್ಲದ ಬೇರೆ ಕಾರಣದವರಲ್ಲಿ ಶೇ. 15 ಮಾತ್ರ. ಅರಿವು ಮರಳಿತು ಅಂದರೆ ಎದ್ದು ಕೆಲಸಕ್ಕೆ ಹೋದರು ಅಂತಲ್ಲ, ಅವರಲ್ಲಿ ಬಹಳಷ್ಟು ಜನಕ್ಕೆ ಗಟ್ಟಿಯಾದ ತೊಂದರೆಗಳು ಉಳಿದವು. ಆದರೂ 52 ಎಲ್ಲಿ, 15 ಎಲ್ಲಿ! ಆ ವರದಿಯೇ ಎರಡು ಗುಂಪಿಗೆ ಎರಡು ಗಡುವು ಇಟ್ಟಿತ್ತು. ತಲೆಪೆಟ್ಟಿಗೆ 12 ತಿಂಗಳು, ಉಳಿದದ್ದಕ್ಕೆ 3 ತಿಂಗಳು. ಅಲ್ಲಿಯವರೆಗೆ ಅರಿವು ಬಾರದಿದ್ದರೆ ಆ ಸ್ಥಿತಿ ಶಾಶ್ವತ ಅನ್ನಬಹುದು ಎಂದಿತ್ತು. ಆ ಗಡುವಿನ ನಂತರವೂ ಕೆಲವರು ಸುಧಾರಿಸಿದ್ದು ಕಂಡುಬಂದ ಮೇಲೆ, 2018ರ ಮಾರ್ಗಸೂಚಿ ಶಾಶ್ವತ ಅಂತ ಕರೆಯುವುದನ್ನೇ ಕೈಬಿಟ್ಟಿತು. ಎರಡು ಗುಂಪು ಬೇರೆ ಬೇರೆ ಅನ್ನುವುದನ್ನು ಮಾತ್ರ ಬಿಡಲಿಲ್ಲ. 1994ರಲ್ಲೇ ಗೊತ್ತಿದ್ದ ವಿಷಯ ನಿಮ್ಮ ನಮೂನೆಗೆ ಇನ್ನೂ ತಲುಪಿಲ್ಲ ಅಂದರೆ ಬೇಸರವಾಗುತ್ತದೆ.

ಔಷಧಿಯ ಮಾತೂ ಹೀಗೇ. ಅಮಾಂಟಡಿನ್ ಎಂಬ ಔಷಧಿ ಚೇತರಿಕೆಯನ್ನು ಚುರುಕು ಮಾಡುತ್ತದೆ ಅಂತ 2012ರಲ್ಲಿ 184 ಜನರ ಮೇಲೆ ನಡೆದ ಪ್ರಯೋಗ ತೋರಿಸಿತು. ಆ 184 ಜನರೂ ತಲೆಪೆಟ್ಟಿನವರು, ಪೆಟ್ಟಾಗಿ 4ರಿಂದ 16 ವಾರದೊಳಗಿನವರು. ಹೃದಯ ನಿಂತವರಿಗೂ ಅಷ್ಟೇ ಫಲ ಕೊಡುತ್ತದೆ ಅಂತ ಆ ಪ್ರಯೋಗದಿಂದ ಹೇಳಲು ಬರುವುದಿಲ್ಲ. ಮನೆಯವರು ಮೊಬೈಲಿನಲ್ಲಿ ಓದಿಕೊಂಡು ಬಂದು 'ನಮ್ಮವರಿಗೆ ಯಾಕೆ ಕೊಡ್ತಿಲ್ಲ?' ಅಂತ ಕೇಳುತ್ತಾರೆ. ಕುಳಿತು ಬಿಡಿಸಿ ಹೇಳಲು ಯಾರಿಗೂ ಹೊತ್ತಿಲ್ಲ.

ಹೇಳದೆ ಇದ್ದರೆ ಏನಾಗುತ್ತದೆ ಗೊತ್ತೇ? ವಾರ್ಡಿನಲ್ಲಿ ಪಕ್ಕಪಕ್ಕದ ಎರಡು ಹಾಸಿಗೆ. ಒಂದರಲ್ಲಿ ಬೈಕ್ ಅಪಘಾತದ ಹುಡುಗ, ಇನ್ನೊಂದರಲ್ಲಿ ನೀರಿನಲ್ಲಿ ಮುಳುಗಿ ಬದುಕಿದ ಹುಡುಗ. ವಯಸ್ಸು ಹೆಚ್ಚುಕಡಿಮೆ ಒಂದೇ, ಸೇರಿದ್ದೂ ಒಂದೇ ವಾರ. ಇಬ್ಬರ ತಾಯಂದಿರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಮೊದಲನೆಯವನು ಕಣ್ಣು ಬಿಟ್ಟ, ನೋಡಿದ, ಅಮ್ಮಾ ಅಂದ. ಎರಡನೆಯವನ ತಾಯಿ ಕೇಳಿದರು: 'ನಿಮ್ಮ ಹುಡುಗ ಆಗಲೇ ಮಾತಾಡ್ತಾನಲ್ಲಕ್ಕಾ, ನೀವು ಏನು ಮಾಡಿಸಿದ್ರಿ?' ಆಮೇಲೆ ನನ್ನ ಹತ್ತಿರ ಬಂದು ಅತ್ತರು. ದಿನಾ ಕೈಕಾಲು ಆಡಿಸೋದರಲ್ಲಿ ತನ್ನಿಂದಲೇ ಏನೋ ಕಮ್ಮಿಯಾಗಿದೆ ಅಂತ ಅವರಿಗೆ ಅನಿಸಿತ್ತು. ಮಗನ ಮಿದುಳಿಗೆ ಆದದ್ದೇ ಬೇರೆ, ಪಕ್ಕದವನ ಮಿದುಳಿಗೆ ಆದದ್ದೇ ಬೇರೆ ಅಂತ ಮೊದಲ ವಾರದಲ್ಲೇ ಒಬ್ಬರು ಹೇಳಿದ್ದರೆ ಆ ತಾಯಿ ಈ ಭಾರ ಹೊರಬೇಕಿರಲಿಲ್ಲ.

ಟೆರ್ರಿ ವಾಲಿಸ್ ಕಥೆಯೂ ವಾರ್ಡಿನಿಂದ ವಾರ್ಡಿಗೆ ಸುತ್ತುತ್ತಿರುತ್ತದೆ. ಅಮೆರಿಕದ ಈ ಯುವಕ 1984ರಲ್ಲಿ ವಾಹನ ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದ. 19 ವರ್ಷ ಮಾತಿಲ್ಲದೆ ಇದ್ದು 2003ರಲ್ಲಿ ಮಾತಾಡಿದ. ಕಥೆ ನಿಜ. ಆದರೆ ಆ ಕಥೆಯ ಇನ್ನರ್ಧ ಯಾರೂ ಹೇಳುವುದಿಲ್ಲ. 2006ರಲ್ಲಿ ಅವನ ಮಿದುಳಿನ ಸ್ಕ್ಯಾನುಗಳನ್ನು ನೋಡಿದ ಸಂಶೋಧಕರಿಗೆ ಆಕ್ಸಾನ್ ಎಳೆಗಳು ಹೊಸದಾಗಿ ಬೆಳೆದಿರುವ ಸುಳಿವು ಸಿಕ್ಕಿತು. ಅಂದರೆ ಎಳೆ ಹರಿದಿತ್ತು, ಮತ್ತೆ ಬೆಳೆಯಲು ಕೋಶ ಉಳಿದಿತ್ತು. ಕೋಶಗಳೇ ದೊಡ್ಡ ಪ್ರಮಾಣದಲ್ಲಿ ಹೋಗಿರುವ ಕಡೆ ಅದೇ ಕಥೆ ಹೇಳಿ ಮನೆಯವರನ್ನು ವರ್ಷಗಟ್ಟಲೆ ಕಾಯಿಸುವುದು ಸರಿಯಲ್ಲ. ಆ ಆಸೆ ನಂಬಿ ಮನೆ ಮಾರಿದವರನ್ನು ನೋಡಿದ್ದೇನೆ.

ಇಷ್ಟು ಹೇಳಿದ ಮೇಲೆ ನನಗೊಂದು ಭಯವಿದೆ. ಇದನ್ನೇ ಹಿಡಿದು, 'ಆಮ್ಲಜನಕ ನಿಂತ ಕೇಸಾ, ಹಾಗಾದರೆ ಥೆರಪಿ ದಂಡ' ಅಂತ ಯಾರಾದರೂ ಷರಾ ಬರೆದುಬಿಟ್ಟರೆ? ಈಗಲೂ ಹಾಗೆ ಆಗುತ್ತಿದೆ. ಪುನಶ್ಚೇತನ ಕೇಂದ್ರಗಳಲ್ಲಿ ಹಾಸಿಗೆ ಕೇಳಿದರೆ ಮೊದಲು ಇಲ್ಲ ಅನ್ನಿಸಿಕೊಳ್ಳುವವರು ಇವರೇ. ಕಾರಣ ತಿಳಿಯಬೇಕು ಅಂತ ನಾನು ಕೇಳುತ್ತಿರುವುದು ಅವರಿಗೆ ಬೇಕಾದ ಚಿಕಿತ್ಸೆ ಸಿಗಲಿ ಅಂತ. ಅವರನ್ನು ಹೊರಗಿಡಲು ನೆಪವಾಗಲಿ ಅಂತ ಖಂಡಿತ ಅಲ್ಲ.

ಒಂದು ಉದಾಹರಣೆ ಸಾಕು. ಹೃದಯ ನಿಂತು ಬದುಕಿದ ಒಬ್ಬರು ನಮ್ಮಲ್ಲಿಗೆ ಬಂದರು. ಮೊದಲಿದ್ದ ಕಡೆಯ ವರದಿಯಲ್ಲಿ 'ಸಹಕರಿಸುವುದಿಲ್ಲ' ಅಂತ ಬರೆದಿತ್ತು. ಸುಮ್ಮನೆ ಕೂತಾಗ ಕೈ ಶಾಂತವಾಗಿರುತ್ತಿತ್ತು. ಲೋಟ ಹಿಡಿಯಲು ಕೈ ಚಾಚಿದ ಕೂಡಲೇ ಜೋರಾಗಿ ಜಿಗಿಯುತ್ತಿತ್ತು, ನೀರು ಮೈಮೇಲೆಲ್ಲ. ಇನ್ನೂ ಗಮನವಿಟ್ಟು ಹಿಡಿಯಲು ಹೋದರೆ ಇನ್ನೂ ಜೋರು. ಎರಡು ಸಲ ಹಾಗಾದರೆ ಮೂರನೇ ಸಲ ಕೈ ಚಾಚುತ್ತಲೇ ಇರಲಿಲ್ಲ. ಇದಕ್ಕೆ ಲ್ಯಾನ್ಸ್ ಆಡಮ್ಸ್ ಸಿಂಡ್ರೋಮ್ ಅಂತಾರೆ. ಆಮ್ಲಜನಕ ಕೊರತೆಯ ನಂತರ ಬರುವ, ಚಲಿಸಲು ಹೊರಟಾಗ ಜಾಸ್ತಿಯಾಗುವ ಜಿಗಿತ. 1963ರಲ್ಲೇ ಇಬ್ಬರು ವೈದ್ಯರು ವಿವರಿಸಿದ್ದಾರೆ. ಬೇರೆ ಗಾಯಗಳಲ್ಲಿ ಇದು ಇಷ್ಟಾಗಿ ಕಾಣುವುದಿಲ್ಲ. ಕ್ಲೋನಜೆಪಾಮ್, ವ್ಯಾಲ್‌ಪ್ರೊಯೇಟ್, ಲೆವೆಟಿರಾಸಿಟಮ್ ತರಹದ ಔಷಧಿಗಳಿಂದ ಎಷ್ಟೋ ಜನಕ್ಕೆ ಹತೋಟಿಗೆ ಬರುತ್ತದೆ. ಇವರಿಗೂ ನರರೋಗ ತಜ್ಞರು ಔಷಧಿ ಶುರು ಮಾಡಿದರು. ನಾವು ತೂಕದ, ಮುಚ್ಚಳವಿರುವ, ಎರಡು ಹಿಡಿಯ ಲೋಟ ಕೊಟ್ಟೆವು. ಮೊಣಕೈ ಮೇಜಿನ ಮೇಲೆ ಊರಿಸಿ ಹಿಡಿಯಲು ಕಲಿಸಿದೆವು. ಎದುರಿಗೆ ಇರುವುದು ಆಮ್ಲಜನಕ ಕೊರತೆಯ ಗಾಯ ಅಂತ ಗೊತ್ತಿದ್ದರೆ ಈ ಜಿಗಿತವನ್ನು ಮೊದಲ ದಿನವೇ ಗುರುತಿಸಬಹುದು. ಗೊತ್ತಿಲ್ಲದಿದ್ದರೆ 'ಸಹಕರಿಸುವುದಿಲ್ಲ' ಅಂತ ಬರೆದು ಮನೆಗೆ ಕಳಿಸಬಹುದು.

ಪೂರ್ತಿ ಸ್ಪಂದನೆ ಇಲ್ಲದವರ ಬಗ್ಗೆಯೂ ಅವಸರ ಬೇಡ. ಹೇಳಿದ್ದಕ್ಕೆ ಕೈಕಾಲು ಆಡಿಸದ 241 ಜನರನ್ನು ವಿಶೇಷ ಸ್ಕ್ಯಾನ್ ಮತ್ತು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇ.ಇ.ಜಿ. ಇಟ್ಟು ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಬಂತು. ಅವರಲ್ಲಿ 60 ಜನರ ಮಿದುಳು ಹೇಳಿದ್ದನ್ನು ಕೇಳಿಸಿಕೊಂಡು ಅದರಂತೆ ಕೆಲಸ ಮಾಡುತ್ತಿತ್ತು, ಹೊರಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಕಾಲು ಭಾಗ! ಇಂಥವರು ಇರುವ ಸಾಧ್ಯತೆ ತಲೆಪೆಟ್ಟಿನವರಲ್ಲಿ ಹೆಚ್ಚು ಅಂತಲೂ ಅದೇ ಅಧ್ಯಯನ ಹೇಳಿತು.

ಆಮ್ಲಜನಕ ಕೊರತೆಯ ಗುಂಪಿನಲ್ಲೇ ಇನ್ನೊಂದು ಮೋಸದ ಸಂಗತಿ ಇದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿ ಕಾರ್ಬನ್ ಮಾನಾಕ್ಸೈಡ್ ಕುಡಿದವರು ಕೆಲವರು ಎದ್ದು ಕೂತು, ಮಾತಾಡಿ, ಮನೆಗೆ ಹೋಗುತ್ತಾರೆ. ಕೆಲವು ದಿನ ಅಥವಾ ಕೆಲವು ವಾರ ಕಳೆದ ಮೇಲೆ ಗೊಂದಲ, ನಡಿಗೆಯಲ್ಲಿ ಬಿಗಿತ, ಮೂತ್ರದ ಹಿಡಿತ ತಪ್ಪುವುದು ಶುರುವಾಗುತ್ತದೆ. ಚೆನ್ನಾಗಿದ್ದಾರೆ ಅಂತ ಡಿಸ್ಚಾರ್ಜ್ ಮಾಡಿ ಫೈಲ್ ಮುಚ್ಚಿದ ಮೇಲೆ ಇವರಿಗೆ ಮತ್ತೆ ಪ್ರವೇಶ ಸಿಗುವುದಿಲ್ಲ. ಹಳೇ ಗಾಯ, ಅವಧಿ ಮುಗಿದಿದೆ ಅನ್ನುತ್ತಾರೆ.

ಪಾರ್ಶ್ವವಾಯುವಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನಿಮ್ಮ ನಿಯಮಗಳೆಲ್ಲ ಹುಟ್ಟಿರುವುದೇ ಅದನ್ನು ನೋಡಿ. ಒಂದು ರಕ್ತನಾಳ, ಅದು ನೀರೆರೆಯುವ ಒಂದು ಜಾಗ, ಸಾಮಾನ್ಯವಾಗಿ ಒಂದೇ ಪಕ್ಕ. ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಉಳಿದ ಮಿದುಳು ಬಹುಪಾಲು ಚೆನ್ನಾಗಿರುವುದರಿಂದ ಕಲಿಯುವ ಶಕ್ತಿ ಇರುತ್ತದೆ. ಕೈಕಾಲಿನ ಸುಧಾರಣೆಯಲ್ಲಿ ದೊಡ್ಡ ಪಾಲು ಮೊದಲ ಮೂರರಿಂದ ಆರು ತಿಂಗಳಲ್ಲಿ ಕಾಣುತ್ತದೆ. ಆ ಆರು ತಿಂಗಳನ್ನೇ ಎಲ್ಲರ ತಲೆಗೂ ಕಟ್ಟಿದ್ದೀರಿ. ಪಾರ್ಶ್ವವಾಯುವಿನಲ್ಲೂ ಅದು ಪೂರ್ತಿ ಸರಿಯಲ್ಲ. ಮಾತು ಹೋದವರು ಅದಾದ ಮೇಲೂ ಬಹಳ ಕಾಲ ಮಾತು ಕಲಿಯುತ್ತಾರೆ. ಬಲಗಡೆಯ ಮಿದುಳಿಗೆ ಹೊಡೆತ ಬಿದ್ದು ತಟ್ಟೆಯ ಎಡ ಅರ್ಧವನ್ನು ಗಮನಿಸದೆ ಹಾಗೇ ಬಿಡುವವರಿಗೂ ಹೆಚ್ಚು ಕಾಲ ಬೇಕು. ರಕ್ತ ಸೋರಿ ಆದದ್ದಾದರೆ ಮೊದಲ ವಾರಗಳಲ್ಲಿ ಜೀವಕ್ಕೆ ಅಪಾಯ ಜಾಸ್ತಿ. ಆದರೆ ಉಳಿದುಕೊಂಡವರಲ್ಲಿ ಒತ್ತುತ್ತಿದ್ದ ರಕ್ತ ಕರಗಿದ ಹಾಗೆ ಎಷ್ಟೋ ಶಕ್ತಿ ಮರಳುತ್ತದೆ. ಇನ್ನೊಂದು ವಿಷಯ, ಪಾರ್ಶ್ವವಾಯುವಿಗೂ ಹಿಂದೆ ಒಂದು ಕಾರಣ ಇರುತ್ತದೆ. ಬಿ.ಪಿ., ಸಕ್ಕರೆ, ಹೃದಯದ ಬಡಿತದ ತಾಳ ತಪ್ಪಿರುವುದು. ಅದನ್ನು ನೋಡಿಕೊಳ್ಳದಿದ್ದರೆ ಎರಡನೇ ಹೊಡೆತ ಬಂದು ಕಲಿತದ್ದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.

ಮಿದುಳಿನ ಉರಿಯೂತದವರಿಗೆ ನಿಮ್ಮ ಗಡುವು ಮಾಡುವ ಅನ್ಯಾಯ ಎಲ್ಲಕ್ಕಿಂತ ದೊಡ್ಡದು. ಹರ್ಪಿಸ್ ವೈರಾಣುವಿನಿಂದ ಬಂದರೆ ಅದು ಪಕ್ಕದ ಹಾಲೆಗಳನ್ನೇ ಹುಡುಕಿ ಹೋಗುತ್ತದೆ. 1980ರ ದಶಕದಲ್ಲಿ ಅಸೈಕ್ಲೋವಿರ್ ಬಳಕೆಗೆ ಬಂದ ಮೇಲೆ ಸಾವು ಬಹಳ ಕಡಿಮೆಯಾಯಿತು. ಆದರೆ ಔಷಧಿ ತಡವಾದಷ್ಟೂ ನೆನಪಿಗೆ ಪೆಟ್ಟು. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೆ 1985ರಲ್ಲಿ ಇದು ಬಂತು. ಆಮೇಲೆ ಹೊಸ ನೆನಪು ಕೆಲವು ಸೆಕೆಂಡಿಗಿಂತ ಹೆಚ್ಚು ನಿಲ್ಲಲಿಲ್ಲ. ಪಿಯಾನೋ ನುಡಿಸುವ ಕೈ ಮಾತ್ರ ಹಾಗೇ ಉಳಿಯಿತು. ಇಂಥವರಿಗೆ ಫಿಸಿಯೋಥೆರಪಿ ಎಷ್ಟು ವಾರ ಅಂತ ಲೆಕ್ಕ ಹಾಕಿ ಏನು ಪ್ರಯೋಜನ? ಕೈಕಾಲು ಚೆನ್ನಾಗೇ ಇವೆಯಲ್ಲ. ಡೈರಿ, ಗೋಡೆಯ ಮೇಲೆ ಬರೆದಿಟ್ಟ ದಿನಚರಿ, ದಿನಾ ಅದೇ ಕ್ರಮದಲ್ಲಿ ಅದೇ ಕೆಲಸ, ಜೊತೆಗೆ ಒಬ್ಬ ನೋಡಿಕೊಳ್ಳುವವರು, ಇವು ಅವರಿಗೆ ಬೇಕಾದದ್ದು. ನಿಮ್ಮ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ.

ಅದೇ ಉರಿಯೂತ ದೇಹದ ರಕ್ಷಣಾ ವ್ಯವಸ್ಥೆ ತಿರುಗಿಬಿದ್ದು ಬಂದಿದ್ದರೆ ಕಥೆಯೇ ಬೇರೆ. ಎನ್‌.ಎಂ.ಡಿ.ಎ. ಗ್ರಾಹಕಗಳ, ಅಂದರೆ ನರಕೋಶಗಳು ಸಂದೇಶ ಹಿಡಿದುಕೊಳ್ಳುವ ಜಾಗಗಳ ವಿರುದ್ಧ ಪ್ರತಿಕಾಯ ಹುಟ್ಟಿ ಬರುವ ರೋಗವನ್ನು 2007ರಲ್ಲಿ ಗುರುತಿಸಿದರು. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳು. ಮೊದಲು ನಡವಳಿಕೆ ಬದಲಾಗುತ್ತದೆ, ಮನೋರೋಗ ಅಂದುಕೊಳ್ಳುತ್ತಾರೆ. ಆಮೇಲೆ ಫಿಟ್ಸ್, ಮಾತು ನಿಲ್ಲುವುದು, ಐ.ಸಿ.ಯು. ನೋಡಿದವರಿಗೆ ಎಲ್ಲ ಮುಗಿಯಿತು ಅನಿಸುತ್ತದೆ. ಆದರೆ 577 ಜನರನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 80ರಷ್ಟು ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಸುಧಾರಣೆ 18 ತಿಂಗಳವರೆಗೂ ನಡೆಯುತ್ತಲೇ ಇತ್ತು. ಕೆಲವರಿಗೆ ರೋಗ ಮರುಕಳಿಸಿತು, ಹಾಗಾಗಿ ಕಣ್ಣಿಟ್ಟಿರಬೇಕು. ಇಂಥ ಹುಡುಗಿಯ ಫೈಲಿನ ಮೇಲೆ ಆರನೇ ತಿಂಗಳಿಗೆ 'ಪ್ರಗತಿ ಸಾಲದು' ಅಂತ ಬರೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪೂರ್ತಿ ಸರಿಹೋಗಬಹುದಾದ ಮಿದುಳಿಗೆ ಹೇಳುವ ಮಾತೇ ಅದು?

ಇನ್ನುಳಿದವು ಬೇಗ ಹೇಳಿಬಿಡುತ್ತೇನೆ. ವಯಸ್ಸಾದವರು ಸಣ್ಣಗೆ ಜಾರಿ ಬಿದ್ದು, ವಾರಗಳ ನಂತರ ಮಂಕಾದರೆ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿರಬಹುದು. ಅದನ್ನು ಹೊರತೆಗೆದರೆ ಕೆಲವೇ ದಿನಗಳಲ್ಲಿ ಮನುಷ್ಯ ಬೇರೆಯೇ ಆಗುತ್ತಾರೆ. ನಿಧಾನ ಬೆಳೆಯುವ ಗಡ್ಡೆಯಲ್ಲಿ ಮಿದುಳಿಗೆ ತನ್ನ ಕೆಲಸವನ್ನು ಪಕ್ಕಕ್ಕೆ ದಾಟಿಸಲು ಸಮಯ ಸಿಕ್ಕಿರುತ್ತದೆ. ಹಾಗಾಗಿ ಆಪರೇಷನ್ ಆದ ಮೇಲೆ ಕುಸಿದದ್ದು ಎಷ್ಟೋ ಸಲ ಮರಳುತ್ತದೆ. ಆದರೆ ರೇಡಿಯೇಷನ್ನಿನ ತೊಂದರೆ ತಿಂಗಳುಗಳ, ವರ್ಷಗಳ ನಂತರ ತಲೆದೋರಬಹುದು. ತಲೆಪೆಟ್ಟಿನ ನಂತರ ತಡವಾಗಿ ಫಿಟ್ಸ್ ಬರಬಹುದು. ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಕಡಿಮೆಯಾಗಬಹುದು, ಮಿದುಳಲ್ಲಿ ನೀರು ತುಂಬಿಕೊಳ್ಳಬಹುದು. ಸುಸ್ತು, ನಡಿಗೆ ಹದಗೆಟ್ಟದ್ದು, ಮಂಕು ಇವನ್ನೆಲ್ಲ ಹಳೇ ಗಾಯದ ತಲೆಗೆ ಕಟ್ಟಿ ಕೈತೊಳೆದುಕೊಂಡರೆ, ಮದ್ದಿರುವ ತೊಂದರೆಯನ್ನೇ ಬಿಟ್ಟಂತಾಯಿತು.

ಎರಡು ಕಾರಣ ಕೂಡಿಕೊಂಡವರೂ ಇದ್ದಾರೆ. ಅಪಘಾತದ ಜಾಗದಲ್ಲಿ ಉಸಿರಾಟ ಕಟ್ಟಿ ಸ್ವಲ್ಪ ಹೊತ್ತು ಬಿದ್ದಿದ್ದವರು, ರಕ್ತ ಹರಿದು ಬಿ.ಪಿ. ಕುಸಿದವರು. ಪೆಟ್ಟಿನ ಮೇಲೆ ಆಮ್ಲಜನಕದ ಕೊರತೆಯೂ ಸೇರಿದರೆ ಮುಂದಿನ ದಾರಿ ಇನ್ನೂ ಕಠಿಣ. ಆಂಬುಲೆನ್ಸಿನವರ ಚೀಟಿಯಲ್ಲಿ ಇದು ಬರೆದಿರುತ್ತದೆ. ಆ ಚೀಟಿ ನಮ್ಮವರೆಗೆ ಬರುವುದಿಲ್ಲ.

ನಾನು ಕೇಳುವುದಕ್ಕೆ ದೊಡ್ಡ ಖರ್ಚಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲಿ ಗಾಯದ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿ. ಅದರ ಕೆಳಗೆ ಆ ಕಾರಣಕ್ಕೆ ತಕ್ಕ ಒಂದು ವಿವರ ಇರಲಿ. ಹೃದಯ ನಿಂತಿದ್ದರೆ ಎಷ್ಟು ನಿಮಿಷ, ತಲೆಪೆಟ್ಟಾದರೆ ನೆನಪಿನ ಮಸುಕು ಎಷ್ಟು ದಿನ, ಉರಿಯೂತವಾದರೆ ಔಷಧಿ ಶುರುವಾದದ್ದು ಜ್ವರದ ಎಷ್ಟನೇ ದಿನ. ಪರಿಶೀಲನೆಯ ದಿನಾಂಕವನ್ನು ಆ ಕಾರಣ ನೋಡಿ ಹಾಕಿ. ತಲೆಪೆಟ್ಟು ಮತ್ತು ರಕ್ಷಣಾ ವ್ಯವಸ್ಥೆಯ ಉರಿಯೂತದವರಿಗೆ ಕನಿಷ್ಠ ಎರಡು ವರ್ಷ ಬಾಗಿಲು ತೆರೆದಿರಲಿ. ಎರಡು ವರ್ಷ ದಿನಾ ಥೆರಪಿ ಕೊಡಿ ಅಂತ ಕೇಳುತ್ತಿಲ್ಲ, ಬೇಕಾದಾಗ ವಾಪಸ್ ಬರಲು ಅವಕಾಶ ಇರಲಿ ಅಂತ. ಆಮ್ಲಜನಕ ಕೊರತೆಯವರಿಗೆ ಯಾವ ಹಾಸಿಗೆಯನ್ನೂ ಕಾರಣ ಒಂದನ್ನೇ ನೋಡಿ ನಿರಾಕರಿಸಬೇಡಿ. ಬಾರ್ತೆಲ್ ಅಂಕದ ಜೊತೆಗೆ ನೆನಪು, ವರ್ತನೆ, ಒಬ್ಬರೇ ಇರಬಲ್ಲರೇ ಅನ್ನುವ ಪ್ರಶ್ನೆಗಳನ್ನೂ ಸೇರಿಸಿ. ಮೊದಲ ಹದಿನೈದು ದಿನದೊಳಗೆ ಒಬ್ಬ ವೈದ್ಯರು ಮನೆಯವರ ಜೊತೆ ಕೂತು, ಈ ಕಾರಣದ ಗಾಯದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂತ ಅವರ ಭಾಷೆಯಲ್ಲಿ ಹೇಳಲಿ, ಬರೆದೂ ಕೊಡಲಿ.

ನಮೂನೆ ತಿದ್ದುವ ಸಭೆ ಕರೆದಾಗ ಥೆರಪಿಸ್ಟುಗಳನ್ನೂ ಮನೆಯವರನ್ನೂ ಕರೆಯಿರಿ. ಕಾರಣಕ್ಕೆ ತಕ್ಕಂತೆ ಏನೇನು ಕೇಳಬೇಕು ಅಂತ ಒಂದು ಪುಟದ ಕರಡು ನಾವು ಮಾಡಿಟ್ಟುಕೊಂಡಿದ್ದೇವೆ. ಕೇಳಿದರೆ ನಾಳೆಯೇ ಕಳಿಸುತ್ತೇವೆ.

ಇಂತಿ,
ಮಿದುಳಿನ ಗಾಯದವರ ಜೊತೆ ಕೆಲಸ ಮಾಡುವ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್